ಆರೆಣ್ಣಿ ಸೂಜಿ

ನನ್ನ ಜಾಗಕ್ಕೆ ಹೊಸದಾಗಿ ಬಂದ ಹುಡುಗಿ ಒಂದು ದಿನ ಮನೆಗೆ ಬಂದಳು. ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಅಂದರೆ ಏನೇನು ಮಾಡಬೇಕು ಎಂದು ಕೇಳಿದಳು. ನಿನ್ನ ಆದೇಶದಲ್ಲಿ ಏನು ಬರೆದಿದ್ದಾರೆ ಎಂದೆ. ಕಚೇರಿ ಸ್ವಚ್ಛ ಇಡುವುದು ಮತ್ತು ಮೇಲಿನವರು ಹೇಳಿದ ಇತರ ಕೆಲಸ ಮಾಡುವುದು ಎಂದು ಬರೆದಿದೆಯಂತೆ. ನಾನು ಇದ್ದಷ್ಟು ವರ್ಷವೂ ಆ ಇತರ ಕೆಲಸವನ್ನೇ ಮಾಡಿದ್ದು. ಕಚೇರಿ ಯಾವತ್ತೂ ಸ್ವಚ್ಛ ಇರಲಿಲ್ಲ.

ಬಾಯಲ್ಲಿ ಹೇಳಿದರೆ ಆಕೆ ಮರೆಯುತ್ತಾಳೆ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಶಾಲೆ ಕಂಡವಳಲ್ಲ, ಕಿವಿಗೆ ಕೇಳಿದ ಹಾಗೆ ಬರೆಯುತ್ತೇನೆ. ಅಚ್ಚು ಹಾಕುವವರು ನನ್ನ ತಪ್ಪುಗಳನ್ನೆಲ್ಲ ತಿದ್ದಲಿ. ಒಂದು ಶಬ್ದ ಮಾತ್ರ ಬಿಟ್ಟು. ಅದು ಮೇಲೆ ತಲೆಬರಹದಲ್ಲೇ ಇದೆ. ಆ ತಪ್ಪು ಬರೆದು ಕಸ್ತೂರಿಬಾಯಿಯ ಆಕಳನ್ನು ನಾನು ಕೊಲ್ಲುವುದರಲ್ಲಿದ್ದೆ. ಅದನ್ನು ಹೇಳುವ ಮುಂಚೆ ಹಿಂದಿನ ಎರಡು ಮೂರು ಮಾತು ಹೇಳಬೇಕು, ಇಲ್ಲದಿದ್ದರೆ ತಿಳಿಯುವುದಿಲ್ಲ.

ನೌಕರಿ ಮೊದಲು ನನ್ನ ಗಂಡನದು. ಅವನು ಜ್ವರ ಬಂದು ಸತ್ತ. ಅನುಕಂಪದ ಮೇಲೆ ಅದೇ ನೌಕರಿಯನ್ನು ನನಗೆ ಕೊಡುತ್ತೇವೆ ಎಂದರು. ಸರಕಾರಕ್ಕೆ ನನ್ನ ಮೇಲೆ ಅನುಕಂಪ ಹುಟ್ಟಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ನನಗೇ ನನ್ನ ಮೇಲೆ ಇದ್ದದ್ದು ತೀರಿಹೋಗಿತ್ತು. ಆಳಂದ ತಾಲೂಕಿನಲ್ಲಿ ನರೋಣಾ ಕಡೆಯ ಒಂದು ಊರಿನಲ್ಲಿ ಸೇರಿದೆ. ಆಮೇಲೆ ಜೇವರ್ಗಿ ತಾಲೂಕು. ಕೊನೆಗೆ ಅಫಜಲಪುರ ತಾಲೂಕಿನಲ್ಲಿ, ಕರಜಗಿ ದಾಟಿ ಭೀಮಾ ದಂಡೆಯ ಒಂದು ಊರು. ಊರುಗಳ ಹೆಸರು ಬರೆಯುವುದಿಲ್ಲ. ಅಲ್ಲಿಯ ದನಗಳಿಗೆ ಓದಲು ಬರುವುದಿಲ್ಲ, ಜನಕ್ಕೆ ಬರುತ್ತದೆ.

ನರೋಣಾ ಕಡೆಯ ಊರಿನಲ್ಲಿ ಮೊದಲ ದಿನ ಒಂದು ಎತ್ತನ್ನು ಹಿಡಿ ಎಂದರು. ನಾನು ಹೆದರಿ ಮಾರುದ್ದ ದೂರ ನಿಂತು ಹಗ್ಗ ಹಿಡಿದೆ. ಅದು ಒದ್ದ ಒದೆಗೆ ಔಷಧಿ ಬೀರುವಿನ ತನಕ ಹೋಗಿ ಬಿದ್ದೆ. ಬೀರುವಿನ ಬಾಗಿಲಿನಲ್ಲಿ ಈಗಲೂ ನನ್ನ ಬೆನ್ನಿನ ತಗ್ಗು ಇದೆ ಎನ್ನುತ್ತಾರೆ. ಹುಡುಗಿ, ಇದನ್ನು ನೆನಪಿಡು. ದನದಿಂದ ದೂರ ನಿಂತರೆ ಒದೆ ಜೋರಾಗಿ ಬೀಳುತ್ತದೆ. ಅದರ ಮೈಗೆ ಮೈ ಹಚ್ಚಿ ನಿಂತರೆ ಅದಕ್ಕೆ ಕಾಲು ಬೀಸಲು ಜಾಗ ಸಿಗುವುದಿಲ್ಲ. ಮೇಲಧಿಕಾರಿಗಳ ವಿಷಯದಲ್ಲಿ ಇದು ಉಲ್ಟಾ.

ಆ ಊರಿನಲ್ಲೇ ಕಾಲುಬಾಯಿ ಬೇನೆಯ ಲಸಿಕೆ ಬಂತು. ತಂಪಿನಲ್ಲಿ ಇಡು ಎಂದು ಹೇಳಿ ಡಾಕ್ಟರ್ ಮೀಟಿಂಗಿಗೆ ಹೋದರು. ಫ್ರಿಜ್ ಹೊಸದಾಗಿ ಬಂದಿತ್ತು. ಕೆಳಗೆ ತಂಪು ಕಡಿಮೆ, ಮೇಲಿನ ಖಾನೆಯಲ್ಲಿ ಬರ್ಫ ಆಗುತ್ತದೆ ಎಂದು ನೋಡಿ, ಹೆಚ್ಚು ತಂಪಾದರೆ ಹೆಚ್ಚು ಒಳ್ಳೆಯದು ಎಂದು ಎಲ್ಲ ಬಾಟಲಿ ಮೇಲೆ ಇಟ್ಟೆ. ಡಾಕ್ಟರ್ ಬಂದು ನೋಡುವಾಗ ಲಸಿಕೆ ಕಲ್ಲಾಗಿತ್ತು. ಬರ್ಫ ಆದ ಲಸಿಕೆ ಕೆಟ್ಟಿತು ಎಂದರ್ಥವಂತೆ. ನನಗೆ ನೋಟೀಸು ಕೊಟ್ಟರು. ಅದನ್ನು ಓದಲು ನನಗೆ ಬರುತ್ತಿರಲಿಲ್ಲವಾದ್ದರಿಂದ ಡಾಕ್ಟರೇ ಓದಿ ಹೇಳಿದರು. ಬೈದವರೇ ಬೈಗುಳವನ್ನು ನಿಧಾನವಾಗಿ, ಅರ್ಥ ಬಿಡಿಸಿ ಓದಿ ಹೇಳಿದ್ದು ಅದೊಂದೇ ಸಲ. ಕೊನೆಗೆ ಉತ್ತರವನ್ನೂ ಅವರೇ ಬರೆದು, ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು.

ಹೆಬ್ಬೆಟ್ಟು ಬಿಟ್ಟಿದ್ದು ಜೇವರ್ಗಿ ತಾಲೂಕಿನಲ್ಲಿ. ಅಲ್ಲಿ ಗುಮಾಸ್ತ ಇರಲಿಲ್ಲ. ಬಾಗಿಲ ಪಕ್ಕದ ಕರಿ ಬೋರ್ಡಿಗೆ ನಾಳೆ ಏನು ಔಷಧಿ ಎಂದು ಬರೆಯುವವರು ಬೇಕಿತ್ತು. ಅಲ್ಲಿಯ ಡಾಕ್ಟರು ನನಗೆ ಅಕ್ಷರ ಕಲಿಸಿದರು. ಪ್ರೀತಿಯಿಂದ ಅಲ್ಲ. ಅವರಿಗೆ ಸೀಮೆಸುಣ್ಣದ ಧೂಳು ಆಗುತ್ತಿರಲಿಲ್ಲ, ಸೀನುತ್ತಿದ್ದರು. ನಾನು ಆರು ತಿಂಗಳಲ್ಲಿ ಕಲಿತೆ. ಒಂದು ದಿನ ಕುರಿಗಳ ಹೊಟ್ಟೆಹುಳದ ಔಷಧಿ ಬಂತು. ಜಂತುನಾಶಕ ಎಂದು ಬರೆಯಬೇಕಿತ್ತು. ನಾನು ಬರೆದದ್ದು, 'ನಾಳೆ ಜನತಾನಾಶಕ ಔಷಧಿ ಕೊಡಲಾಗುವುದು, ಎಲ್ಲರೂ ಬರಬೇಕು.' ಎರಡು ದಿನ ಯಾರೂ ಏನೂ ಅನ್ನಲಿಲ್ಲ. ಜನ ಬಂದರು, ಕುರಿ ತಂದರು, ಔಷಧಿ ಕುಡಿಸಿಕೊಂಡು ಹೋದರು. ಮೂರನೇ ದಿನ ಶಾಲೆಯ ಮಾಸ್ತರ್ ಒಬ್ಬರು ಆ ದಾರಿಯಲ್ಲಿ ಹೋಗುತ್ತ ನಿಂತು ಓದಿ, ಇದು ಜನತೆಯನ್ನೇ ನಾಶ ಮಾಡುವ ಔಷಧಿಯೇನು ಎಂದು ಕೇಳಿ, ನಾವು ಕೊಟ್ಟ ಚಹಾ ಕುಡಿಯದೆ ವಾಪಸ್ ಹೋದರು. ಆಗ ನನಗೆ ಒಂದು ಮಾತು ತಿಳಿಯಿತು. ಬೋರ್ಡನ್ನು ಜನ ಓದುವುದಿಲ್ಲ, ನಂಬುತ್ತಾರೆ.

ಇದು ತಿಳಿದ ಮೇಲೂ ಎಚ್ಚರ ಬರಲಿಲ್ಲ. ಎಚ್ಚರ ಬಂದಿದ್ದರೆ ಮುಂದಿನ ಕಥೆ ಇರುತ್ತಿರಲಿಲ್ಲ.

ಭೀಮಾ ದಂಡೆಯ ಊರಿಗೆ ನಾನು ಬಂದಾಗ ನಿವೃತ್ತಿಗೆ ಹೆಚ್ಚು ದಿನ ಇರಲಿಲ್ಲ. ಅಲ್ಲಿಯ ಡಾಕ್ಟರ್ ಬಿರಾದಾರ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಮೂರು ಊರಿನ ಆಸ್ಪತ್ರೆ ಅವರೊಬ್ಬರ ಮೇಲೆ ಇತ್ತು. ಹಾಗಾಗಿ ಅವರು ನಮಗೆ ಹೆಚ್ಚಾಗಿ ಫೋನಿನಲ್ಲೇ ಸಿಗುತ್ತಿದ್ದರು.

ಆ ವರ್ಷ ಗಂಟುರೋಗದ ಸುದ್ದಿ ಹಬ್ಬಿತ್ತು. ದನದ ಮೈ ತುಂಬ ಗಂಟು ಏಳುತ್ತವೆ, ಜ್ವರ ಬರುತ್ತದೆ, ಹಾಲು ನಿಲ್ಲುತ್ತದೆ, ಕೆಲವು ಸಾಯುತ್ತವೆ. ಕಚ್ಚುವ ನೊಣ, ಸೊಳ್ಳೆ ಅದನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಹೊಳೆಯ ಆಚೆ ಬಂದಿದೆ, ಮಳೆ ಬಿದ್ದು ನೊಣ ಎದ್ದರೆ ಈಚೆಗೂ ಬರುತ್ತದೆ ಎಂದು ಜನ ಹೆದರಿದ್ದರು. ಎಲ್ಲರಿಗಿಂತ ಹೆಚ್ಚು ಹೆದರಿದವಳು ಕಸ್ತೂರಿಬಾಯಿ. ಆಸ್ಪತ್ರೆಯ ಹಿಂದಿನ ಓಣಿಯವಳು, ನನಗಿಂತ ಹತ್ತು ವರ್ಷ ಸಣ್ಣವಳು. ಒಂದೇ ಒಂದು ದೇವಣಿ ತಳಿಯ ಆಕಳು. ಬಸ್‌ಸ್ಟ್ಯಾಂಡಿನ ಹೋಟೆಲ್ಲಿಗೆ ಹಾಲಿನ ವರ್ತನೆ ಅದರಿಂದ, ಮೊಮ್ಮಗಳ ಹಾಲು ಅದರಿಂದ, ಮನೆ ನಡೆಯುವುದು ಅದರಿಂದ. ಆಕಳು ಮತ್ತೆ ಗಬ್ಬ ಬೇರೆ ಇತ್ತು. ದಿನಕ್ಕೆ ಎರಡು ಸಲ ಅದರ ಮೈ ತಡವಿ ನೋಡಿ, ಗಂಟು ಅದ ಏನು ಯಕ್ಕಾ ಎಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಒಂದು ಸಲ ಉಣ್ಣಿ ತೋರಿಸಿದಳು, ಒಂದು ಸಲ ಅದರ ಮೊಣಕಾಲು ತೋರಿಸಿದಳು.

ಒಂದು ಮಂಗಳವಾರ ಬಿರಾದಾರ ಸಾಹೇಬರ ಫೋನು ಬಂತು. ಅವರು ಬಸ್ಸಿನಲ್ಲಿದ್ದರು. ಬಸ್ಸು ಎಷ್ಟು ಸದ್ದು ಮಾಡುತ್ತಿತ್ತೆಂದರೆ ಅವರಿಗಿಂತ ಬಸ್ಸೇ ಹೆಚ್ಚು ಮಾತಾಡಿತು. ಶುಕ್ರವಾರ ಬೆಂಗಳೂರಿನಿಂದ ಒಬ್ಬ ಡಾಕ್ಟರಮ್ಮ ಬರುತ್ತಾಳೆ, ಗಂಟುರೋಗಕ್ಕೆ ಹೊಸ ಸೂಜಿ, ಪರೀಕ್ಷೆಗಾಗಿ ಇಪ್ಪತ್ತು ದನಗಳಿಗೆ ಮಾತ್ರ, ಬೋರ್ಡಿಗೆ ಬರಿ ಎಂದರು. ಯಾವ ಸೂಜಿ ಎಂದು ಬರೆಯಲಿ ಎಂದು ಕೇಳಿದೆ. ಅವರು ಹೇಳಿದ್ದು ಆರ್‌ಎನ್‌ಎ ಸೂಜಿ. ನನಗೆ ಕೇಳಿದ್ದು ಆರೆಣ್ಣಿ ಸೂಜಿ.

ನಾನು ಬರೆದೆ. 'ಶುಕ್ರವಾರ ಗಂಟುರೋಗಕ್ಕೆ ಆರೆಣ್ಣಿ ಸೂಜಿ. ಮೊದಲು ಬಂದ ಇಪ್ಪತ್ತು ದನಗಳಿಗೆ.'

ಇದು ಸಣ್ಣ ತಪ್ಪು. ದೊಡ್ಡ ತಪ್ಪು ಆಮೇಲೆ ಮಾಡಿದೆ. ಕಸ್ತೂರಿಬಾಯಿ ಬೋರ್ಡಿನ ಮುಂದೆ ಬಂದು ನಿಂತು, ಏನು ಬರೆದೀ ಎಂದು ಓದಿಸಿಕೊಂಡಳು. ಆಮೇಲೆ ಕೇಳಿದಳು.

“ಆರು ಎಣ್ಣಿ ಅಂದ್ರ ಯಾವ್ಯಾವ್ರಿ ಯಕ್ಕಾ?”

ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಸರಕಾರಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಕೈಯಲ್ಲಿ ಸೀಮೆಸುಣ್ಣ ಹಿಡಿದವಳು, ಗೊತ್ತಿಲ್ಲ ಎಂದು ಹೇಗೆ ಅನ್ನುವುದು? ನಮ್ಮ ಕಡೆ ಗಾಣದಲ್ಲಿ ಸಿಗುವ ಎಣ್ಣೆಗಳನ್ನು ಬೆರಳು ಮಡಚುತ್ತ ಹೇಳಿದೆ. ಕುಸುಬಿ, ಶೇಂಗಾ, ಎಳ್ಳು, ಅಗಸಿ, ಬೇವು. ಐದಾದವು. ಆರನೆಯದಕ್ಕೆ ತಡವರಿಸಿದೆ. ಔಡಲ, ಅಂದರೆ ಹರಳೆಣ್ಣೆ, ಎಂದೆ. ಸೂಜಿಯಲ್ಲಿ ಹೋಗುವುದಾದರೆ ಮೈಗೆ ಹಚ್ಚಿದರೂ ನಡೆಯುತ್ತದೇನು ಎಂದು ಕೇಳಿದಳು. ನಡೆಯುತ್ತದೆ ಎಂದೆ. ಹೊಟ್ಟೆಗೆ? ಸ್ವಲ್ಪ ಕೊಡು ಎಂದೆ.

ಹುಡುಗಿ, ನಾನು ಇಡೀ ನೌಕರಿಯಲ್ಲಿ ಕಲಿತದ್ದನ್ನು ಒಂದು ಸಾಲಿನಲ್ಲಿ ಹೇಳು ಎಂದರೆ ಇದು. ಗೊತ್ತಿಲ್ಲ ಎನ್ನುವುದಕ್ಕೆ ಸಂಬಳ ಕಡಿತ ಮಾಡುವುದಿಲ್ಲ.

ಬುಧವಾರ ಊರಿನಲ್ಲಿ ಎಣ್ಣೆಯದೇ ಮಾತು. ಕಿರಾಣಿ ಅಂಗಡಿಯ ಮಹಾಂತಪ್ಪ ಹಳೆಯ ಶರಬತ್ತಿನ ಬಾಟಲಿಗಳಲ್ಲಿ ಆರೂ ಎಣ್ಣೆ ಬೆರೆಸಿ, ಹಗ್ಗಕ್ಕೆ ಕಟ್ಟಿ ತೂಗುಹಾಕಿದ. ಅಗಸಿ ಎಣ್ಣೆ ಸಿಗದೆ ಹತ್ತಿಕಾಳಿನ ಎಣ್ಣೆ ಹಾಕಿದ್ದಾನೆ ಎಂದು ಗಾಳಿಮಾತು ಎದ್ದು, ಕಟ್ಟೆಯ ಮೇಲೆ ಎರಡು ಪಾರ್ಟಿ ಆದವು. ಒಂದು ಅಗಸಿ ಪಾರ್ಟಿ, ಒಂದು ಹತ್ತಿಕಾಳು ಪಾರ್ಟಿ. ತೀರ್ಪಿಗೆ ನನ್ನ ಹತ್ತಿರ ಬಂದರು. ನಾನು ಅಗಸಿ ಎಂದೆ. ತಜ್ಞಳಾಗಿ ಅದು ನನ್ನ ಎರಡನೇ ದಿನ.

ಶುಕ್ರವಾರ ಜೀಪು ಬಂತು. ಡಾಕ್ಟರಮ್ಮನ ಹೆಸರು ಸಿಂಧು. ಕನ್ನಡಕದ ಹುಡುಗಿ, ದನಕ್ಕೂ ‘ಸ್ವಲ್ಪ ಸರಿಯಪ್ಪ’ ಎನ್ನುವಷ್ಟು ಮರ್ಯಾದೆ. ಆಕೆಯ ಸಂಗಡ ಒಂದು ಬಿಳಿ ಡಬ್ಬಿ. ಮುಚ್ಚಳ ತೆಗೆದರೆ ಒಳಗಿಂದ ಹೊಗೆ. ಚಹಾ ತಂದಾರೆ ಎಂದುಕೊಂಡು ಇಬ್ಬರು ಮುದುಕರು ಹತ್ತಿರ ಬಂದು ಕೂತರು. ಅದು ಬರ್ಫಕ್ಕಿಂತ ತಣ್ಣಗಿನ ಬರ್ಫವಂತೆ, ಕರಗಿದರೆ ನೀರಾಗದೆ ಹೊಗೆಯಾಗುತ್ತದಂತೆ. ಈ ಲಸಿಕೆಯನ್ನು ಅಷ್ಟು ತಂಪಿನಲ್ಲಿ ಗಟ್ಟಿ ಮಾಡಿಯೇ ತರಬೇಕು, ಇಲ್ಲದಿದ್ದರೆ ಕೆಡುತ್ತದೆ ಎಂದಳು. ನಾನು ಬಿರಾದಾರ ಸಾಹೇಬರ ಮುಖ ನೋಡಿದೆ. ಯಾವುದಕ್ಕೆ ನರೋಣಾ ಕಡೆ ನನಗೆ ನೋಟೀಸು ಕೊಟ್ಟಿದ್ದರೋ ಅದೇ ಈಗ ಹೊಸ ಪದ್ಧತಿ. ನಾನು ಸ್ವಲ್ಪ ಮೊದಲು ಹುಟ್ಟಿದ್ದೇ ತಪ್ಪು.

ಆಮೇಲೆ ದನಗಳು ಬಂದವು. ಬಿಸಿಲಿಗೆ ಹಿತ್ತಾಳೆ ಪಾತ್ರೆಗಳ ಹಾಗೆ ಹೊಳೆಯುತ್ತ ಬಂದವು. ಇಪ್ಪತ್ತರಲ್ಲಿ ಒಂದೂ ಒಣಗಿದ್ದು ಇರಲಿಲ್ಲ. ವಾಸನೆ ದನಕ್ಕಿಂತ ಮುಂಚೆ ಬಂತು. ಸಿಂಧು ಡಾಕ್ಟರಮ್ಮ ಮೂಗಿಗೆ ಕರವಸ್ತ್ರ ಹಿಡಿದು, ಇದು ಇಲ್ಲಿನ ಪದ್ಧತಿಯಾ ಎಂದು ಕೇಳಿದಳು. ಬಿರಾದಾರ ಸಾಹೇಬರು ಹಿಂದೆ ತಿರುಗಿ ಬೋರ್ಡು ಓದಿದರು. ಎರಡು ಸಲ ಓದಿದರು.

“ಮಲ್ಲಮ್ಮ, ಇದೇನ್ ಬರ್ದೀ ಬೇ?”

“ನೀವ್ ಹೇಳಿದ್ದೇ ಬರ್ದೇನ್ರಿ ಸಾಹೇಬ್ರ.”

“ನಾ ಎಣ್ಣಿ ಅಂತ ಯಾವಾಗ ಅಂದೆ?”

“ಮಂಗಳವಾರ್ರಿ.”

ಅವರು ಆರ್‌ಎನ್‌ಎ, ಆರ್‌ಎನ್‌ಎ ಎಂದು ಬಾಯಲ್ಲೇ ನಾಲ್ಕು ಸಲ ಹೇಳಿ ನೋಡಿದರು. ಐದನೇ ಸಲಕ್ಕೆ ಬೋರ್ಡಿಗೆ ಬೆನ್ನು ಹಾಕಿ ನಿಂತರು. ಅವರ ಕಿವಿಗೂ ಅದು ಎಣ್ಣೆಯಾಗಿ ಕೇಳಿಸಿತು ಎಂದು ನನಗೆ ಖಾತ್ರಿ.

ತಪ್ಪನ್ನು ಬಿಡಿಸಿ ಹೇಳಲು ಡಾಕ್ಟರಮ್ಮ ಎಲ್ಲರನ್ನೂ ಕಟ್ಟೆಯ ಹತ್ತಿರ ಕೂರಿಸಿದಳು. ಇದು ಎಣ್ಣೆ ಅಲ್ಲ, ಒಂದು ಚೀಟಿ ಇದ್ದ ಹಾಗೆ ಎಂದಳು. ಆ ಚೀಟಿಯಲ್ಲಿ ರೋಗ ಇರುವುದಿಲ್ಲ, ರೋಗದ ಒಂದು ಗುರುತು ಮಾತ್ರ ಬರೆದಿರುತ್ತದೆ. ಸೂಜಿಯಿಂದ ಒಳಗೆ ಹೋದ ಮೇಲೆ ದನದ ಮೈ ಅದನ್ನು ಓದಿಕೊಂಡು, ಆ ಗುರುತಿನ ಒಂದು ತುಣುಕನ್ನು ತಾನೇ ತಯಾರಿಸುತ್ತದೆ. ಈ ಮುಖದವನು ಬಂದರೆ ಹೊಡೆಯಬೇಕು ಎಂದು ಮೈ ಕಲಿತುಕೊಳ್ಳುತ್ತದೆ. ಕಲಿತ ಮೇಲೆ ಚೀಟಿ ಕರಗಿ ಹೋಗುತ್ತದೆ. ಮುಂದೆ ನಿಜವಾದ ರೋಗ ಬಂದಾಗ ಮೈ ತಯಾರಿರುತ್ತದೆ.

ನನಗೆ ಸಿಟ್ಟು ಬಂತು. ನಾನು ಅಕ್ಷರ ಕಲಿಯಲು ಆರು ತಿಂಗಳು ತೆಗೆದುಕೊಂಡೆ. ಆಕಳು ಒಂದು ಚುಚ್ಚಿಗೆ ಓದುತ್ತದೆ. ಅದೂ ಬರೆದದ್ದನ್ನು ಬರೆದ ಹಾಗೆ.

ಮಹಾಂತಪ್ಪ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದ. ಚೀಟಿ ಅಂದರೆ ಒಳಗೆ ಹೋಗುವಾಗ ಹರಿಯುವುದಿಲ್ಲವೇ ಎಂದ. ಡಾಕ್ಟರಮ್ಮ ಸುಳ್ಳು ಹೇಳುವವಳಲ್ಲ. ಹರಿಯಬಾರದು ಎಂದು ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳಿಗೆಯಲ್ಲಿ ಸುತ್ತಿರುತ್ತಾರೆ ಎಂದುಬಿಟ್ಟಳು.

ಮಹಾಂತಪ್ಪ ಊರ ಕಡೆ ತಿರುಗಿದ.

“ಕೇಳಿದ್ರಿಲ್ಲ? ಕೊಬ್ಬಂದ್ರ ಏನು, ಎಣ್ಣಿ ಗಟ್ಟಿ ಆಗಿದ್ದು. ಮಲ್ಲಮ್ಮ ಬರೋಬ್ಬರಿ ಬರ್ದಾಳ.”

ಅಲ್ಲಿಗೆ ಚೀಟಿಯ ಮಾತು ಮುಗಿಯಿತು.

ಇನ್ನೊಂದನ್ನೂ ಆಕೆ ಮುಚ್ಚಿಡದೆ ಹೇಳಿದಳು. ಇಪ್ಪತ್ತು ಬಾಟಲಿಗಳಲ್ಲಿ ಅರ್ಧ ಮಾತ್ರ ಲಸಿಕೆ, ಅರ್ಧ ಬರೀ ಉಪ್ಪುನೀರು. ಯಾವುದರಲ್ಲಿ ಯಾವುದು ಎಂದು ಆಕೆಗೂ ಗೊತ್ತಿಲ್ಲ. ಬಾಟಲಿಗೆ ನಂಬರು, ದನದ ಕಿವಿಗೆ ಅದೇ ನಂಬರಿನ ಹಳದಿ ಬಿಲ್ಲೆ. ಕೊನೆಗೆ ಉತ್ತರ ಬರೆದಿಟ್ಟ ಒಂದು ಪಾಕೀಟು ಒಡೆದಾಗ ಎಲ್ಲ ಗೊತ್ತಾಗುತ್ತದೆ. ಎರಡನ್ನೂ ಹೋಲಿಸದೆ ಲಸಿಕೆ ಕೆಲಸ ಮಾಡಿತೋ ಇಲ್ಲವೋ ಹೇಳಲಾಗುವುದಿಲ್ಲ. ಒಪ್ಪಿದವರು ಸಹಿ ಮಾಡಿ, ಒಪ್ಪದವರು ಹೋಗಬಹುದು ಎಂದಳು. ಉಪ್ಪುನೀರು ನಮ್ಮ ಬಾವಿಯಲ್ಲೇ ಇದೆಯಲ್ಲ, ಅದನ್ನು ಹೊಗೆ ಡಬ್ಬಿಯಲ್ಲಿ ಬೆಂಗಳೂರಿನಿಂದ ಯಾಕೆ ತಂದರು ಎಂದು ಹಿಂದಿನಿಂದ ಯಾರೋ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಎಲ್ಲರೂ ಸಹಿ ಮಾಡಿದರು. ಇಷ್ಟು ಎಣ್ಣೆ ಖರ್ಚಾದ ಮೇಲೆ ಬರಿಗೈಲಿ ಹೋಗುವವರು ಯಾರು?

ಎಣ್ಣೆ ಹಚ್ಚಿದ ದನವನ್ನು ಹಿಡಿಯುವುದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಕೊಂಬು ಹಿಡಿದರೆ ಕೊಂಬು ಜಾರುತ್ತದೆ. ಕಿವಿ ಹಿಡಿದರೆ ಕಿವಿ. ಮೈಗೆ ಮೈ ಹಚ್ಚಿ ನಿಲ್ಲುವ ನನ್ನ ಉಪಾಯದಿಂದ ನಾನು ಒಂದು ಎತ್ತಿನ ಈ ಕಡೆಯಿಂದ ಜಾರಿ ಆ ಕಡೆ ಹೋಗಿ ನಿಂತೆ. ಬಿರಾದಾರ ಸಾಹೇಬರು ಸಗಣಿಯಲ್ಲಿ ಕೂತರು. ಒಂದು ಆಕಳು ಡಾಕ್ಟರಮ್ಮನ ಕನ್ನಡಕ ನೆಕ್ಕಿದ್ದರಿಂದ ಆಕೆ ಅರ್ಧ ತಾಸು ಊರನ್ನು ಮಂಜಿನಲ್ಲಿ ನೋಡಿದಳು. ಕೊನೆಗೆ ಎಲ್ಲ ದನಗಳ ಮೈಯನ್ನು ಸಬಕಾರ ಪುಡಿ ಹಾಕಿ ತೊಳೆದೆವು. ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿನ ತನಕ ನೊರೆ. ಆದರೂ ಪೂರ್ತಿ ಹೋಗಲಿಲ್ಲ. ಆಗ ನಾನು ಗೋಣಿತಟ್ಟು ಹರಿದು, ಕೈಗೆ ಸುತ್ತಿಕೊಂಡು ಕೊಂಬು ಹಿಡಿದೆ. ನಿಂತಿತು. ಎಣ್ಣೆಯ ದನಕ್ಕೆ ಗೋಣಿತಟ್ಟು. ಇದನ್ನು ಬರೆದಿಟ್ಟುಕೋ.

ಹತ್ತೊಂಬತ್ತು ಆದವು. ಇಪ್ಪತ್ತನೆಯದು ಕಸ್ತೂರಿಬಾಯಿಯ ಆಕಳು. ಎಲ್ಲರೂ ಮೈಗೆ ಹಚ್ಚಿದ್ದರು. ಆಕೆ ನನ್ನ ಮಾತು ಪೂರ್ತಿ ನಂಬಿ ಹೊಟ್ಟೆಗೂ ಕೊಟ್ಟಿದ್ದಳು, ಅದರಲ್ಲೂ ಔಡಲ ಎಣ್ಣೆಯನ್ನು ಕೈ ಬಿಚ್ಚಿ. ಔಡಲ ಎಣ್ಣೆ ತನ್ನ ಕೆಲಸ ಮಾಡಿತ್ತು. ಆಕಳ ಹಿಂದೆ ಯಾರೂ ನಿಲ್ಲುವ ಹಾಗಿರಲಿಲ್ಲ. ಕಣ್ಣು ಒಳಗೆ ಹೋಗಿದ್ದವು.

ಡಾಕ್ಟರಮ್ಮ ನೋಡಿ, ಭೇದಿ ಇರುವ ದನಕ್ಕೆ ಹಾಕುವ ಹಾಗಿಲ್ಲ ಎಂದಳು. ನಿಯಮ ಅದು. ಕರಗಿದ ಬಾಟಲಿಯನ್ನು ಮತ್ತೆ ಗಟ್ಟಿ ಮಾಡಲೂ ಆಗುವುದಿಲ್ಲ, ಹೊತ್ತು ಮುಳುಗುವ ಮುಂಚೆ ಹಾಕದಿದ್ದರೆ ಚೆಲ್ಲಬೇಕು. ಕಸ್ತೂರಿಬಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಯಕ್ಕಾ, ನೀ ಹೇಳಿದ್ದಕ್ಕಿಂತ ಜಾಸ್ತಿನೇ ಕೊಟ್ಟಿನಲ್ಲ, ಕಮ್ಮಿ ಆಯ್ತೇನು ಎಂದು ಕೇಳಿದಳು.

ಆ ಮಧ್ಯಾಹ್ನವೆಲ್ಲ ನಾನು ಆಕಳ ಪಕ್ಕ ಕೂತೆ. ಬಿರಾದಾರ ಸಾಹೇಬರು ಕೊಟ್ಟ ಪುಡಿಯನ್ನು ಗಂಜಿಯಲ್ಲಿ ಕಲಸಿ ಕುಡಿಸಿದೆ, ಉಪ್ಪು ಬೆಲ್ಲದ ನೀರು ಕುಡಿಸಿದೆ, ಬಾಲ ತೊಳೆದೆ. ಮತ್ತೆ ತೊಳೆದೆ. ದೇವರನ್ನು ನೆನೆಯಲಿಲ್ಲ. ದೇವರು ಔಡಲ ಎಣ್ಣೆ ಕೊಡು ಎಂದಿರಲಿಲ್ಲ, ನಾನು ಅಂದಿದ್ದು. ಇಳಿಹೊತ್ತಿಗೆ ಸಗಣಿ ಸಗಣಿಯ ಹಾಗೆ ಬಿತ್ತು. ಅದನ್ನು ನೋಡಿ ನಾನು ಪಟ್ಟಷ್ಟು ಸಂತೋಷ ನನ್ನ ಮದುವೆಯಲ್ಲಿ ಪಟ್ಟಿರಲಿಲ್ಲ. ಡಾಕ್ಟರಮ್ಮ ಜ್ವರ ನೋಡಿದಳು, ಇರಲಿಲ್ಲ. ಬಿರಾದಾರ ಸಾಹೇಬರ ಜೊತೆ ಮಾತಾಡಿ, ಎಣ್ಣೆಯಿಂದಾದ ಭೇದಿ, ರೋಗದ್ದಲ್ಲ ಎಂದು ಪುಸ್ತಕದಲ್ಲಿ ಬರೆದು, ಇಪ್ಪತ್ತನೇ ಬಾಟಲಿಯನ್ನು ಆಕಳಿಗೆ ಹಾಕಿದಳು. ನಾನು ಗೋಣಿತಟ್ಟು ಬಿಚ್ಚಿ ಅಲ್ಲೇ ಕೂತುಬಿಟ್ಟೆ.

ಕಸ್ತೂರಿಬಾಯಿ ಹೆಡ್ಡಿಯಲ್ಲ. ಅರ್ಧ ಬಾಟಲಿಯಲ್ಲಿ ಉಪ್ಪುನೀರು ಎಂದು ಆಕೆಯೂ ಕೇಳಿದ್ದಳು. ತನ್ನದು ಯಾವುದೋ ಏನೋ ಎಂದು ಹೊಟ್ಟೆಗೆ ಕೊಡುವುದನ್ನು ನಿಲ್ಲಿಸಿ, ಮೈಗೆ ಹಚ್ಚುವುದನ್ನು ವಾರಕ್ಕೆ ಎರಡು ಸಲ ನಡೆಸಿದಳು. ಹಳೆ ಎಣ್ಣೆಯ ಮೇಲೆ ಹೊಸ ಎಣ್ಣೆ, ಅದರಲ್ಲೂ ಬೇವಿನದು. ಆ ವಾಸನೆಗೆ ಊರ ದನ ಕಾಯುವವನು ಅದನ್ನು ಮಂದೆಗೆ ಸೇರಿಸಲಿಲ್ಲ. ನೀರಿನ ತೊಟ್ಟಿಯ ಹತ್ತಿರವೂ ಯಾರೂ ಬಿಡಲಿಲ್ಲ. ಪಾಪದ ಆಕಳು ತನ್ನ ಹಿತ್ತಲಿನಲ್ಲಿ ಒಂದೇ ನಿಂತು, ತನ್ನದೇ ಬಕೆಟ್ಟಿನಲ್ಲಿ ನೀರು ಕುಡಿಯುತ್ತಿತ್ತು.

ಮಳೆ ಬಿತ್ತು. ನೊಣ ಎದ್ದವು. ಗಂಟುರೋಗ ಹೊಳೆ ದಾಟಿ ಬಂತು. ಬಿಲ್ಲೆ ಇದ್ದ ದನಗಳಲ್ಲಿ ಕೆಲವಕ್ಕೆ ಗಂಟು ಎದ್ದವು, ಕೆಲವಕ್ಕೆ ಏನೂ ಆಗಲಿಲ್ಲ. ಮಹಾಂತಪ್ಪನ ಎತ್ತಿಗೆ ಮೈತುಂಬ ಎದ್ದವು. ಎಣ್ಣೆ ಮಾರುವವನ ಎತ್ತಿಗೇ ರೋಗ ಬಂದರೆ ವ್ಯಾಪಾರ ಮುಳುಗಬೇಕಿತ್ತು. ಆದರೆ ಆ ಶುಕ್ರವಾರದ ಮೇಲೆ ಅವನು ತನ್ನ ಎತ್ತಿಗೆ ಎಣ್ಣೆ ಹಚ್ಚಿಯೇ ಇರಲಿಲ್ಲ ಎಂದು ಜನಕ್ಕೆ ಗೊತ್ತಾಗಿ, ಮಾರನೇ ದಿನ ಬಾಟಲಿಗಳೆಲ್ಲ ಖಾಲಿ ಆದವು. ಎತ್ತು ಬದುಕಿತು, ಆದರೆ ಆ ವರ್ಷ ನೊಗಕ್ಕೆ ಬರಲಿಲ್ಲ.

ಕಸ್ತೂರಿಬಾಯಿಯ ಆಕಳಿಗೆ ಒಂದು ಗಂಟೂ ಏಳಲಿಲ್ಲ. ನಾನು ದಿನಾ ಹೋಗಿ ತಡವಿ ನೋಡುತ್ತಿದ್ದೆ. ಈಗ ಆಕೆ ಕರೆಯುತ್ತಿರಲಿಲ್ಲ, ನಾನೇ ಹೋಗುತ್ತಿದ್ದೆ.

ರೋಗದ ಜೋರು ಇಳಿದ ಮೇಲೆ ಸಿಂಧು ಡಾಕ್ಟರಮ್ಮ ಪಾಕೀಟು ತಂದಳು. ಆಸ್ಪತ್ರೆಯ ಮೇಜಿನ ಮೇಲೆ ಒಡೆದು, ನಂಬರು ಓದುತ್ತ ಹೋದಳು. ಗಂಟು ಎದ್ದವು ಹೆಚ್ಚುಕಡಿಮೆ ಎಲ್ಲ ಉಪ್ಪುನೀರಿನವು. ಚೀಟಿ ಬಿದ್ದವುಗಳಲ್ಲಿ ಒಂದಕ್ಕೆ ನಾಲ್ಕಾರು ಗಂಟು ಬಂದು ಹೋಗಿದ್ದವು, ಅಷ್ಟೇ. ಇಪ್ಪತ್ತು ದನಗಳಿಂದ ಏನೂ ಗಟ್ಟಿಯಾಗಿ ಹೇಳಲಾಗದು, ಇನ್ನೂ ಬೇರೆ ಊರುಗಳ ಲೆಕ್ಕ ಬರಬೇಕು ಎಂದು ಆಕೆ ಅನ್ನುತ್ತಿದ್ದಳು, ಆದರೆ ಮುಖ ಅರಳಿತ್ತು. ಕೊನೆಗೆ ಇಪ್ಪತ್ತನೇ ನಂಬರು ಓದಿದಳು.

ಉಪ್ಪುನೀರು.

ಇನ್ನೊಮ್ಮೆ ಓದು ಎಂದೆ. ಓದಿದಳು. ನಾನು ಒಂದು ಮಧ್ಯಾಹ್ನ ಪೂರ್ತಿ ಬಾಲ ತೊಳೆದು, ಹೊತ್ತು ಮುಳುಗುವ ಮುಂಚೆ ಹಾಕಿಸಿದ್ದು ಬಾವಿಯಲ್ಲಿ ಸಿಗುವ ನೀರು.

ಆಕಳು ಎಲ್ಲಿ ಇತ್ತು, ಯಾವ ದನಗಳ ಜೊತೆ ಇತ್ತು ಎಂದು ಡಾಕ್ಟರಮ್ಮ ಕೇಳಿದಳು. ಎಲ್ಲ ಹೇಳಿದೆ. ಆಕೆ ಪೆನ್ನು ಕಚ್ಚಿ ಯೋಚಿಸಿದಳು. ನೊಣ ಕೂರಲಿಲ್ಲ, ಬೇರೆ ದನ ಹತ್ತಿರ ಬರಲಿಲ್ಲ, ಅದಕ್ಕೇ ಉಳಿದಿರಬೇಕು ಎಂದಳು. ರೋಗದ ವಿರುದ್ಧ ಮೈಯಲ್ಲಿ ಏನೂ ತಯಾರಿ ಇಲ್ಲ, ಮುಂದಿನ ಮಳೆಗೆ ಎಣ್ಣೆ ತಪ್ಪಿದರೆ ಮುಗಿಯಿತು ಎಂದೂ ಹೇಳಿದಳು. ನಿಯಮದ ಪ್ರಕಾರ ಉಪ್ಪುನೀರು ಬಿದ್ದು, ರೋಗ ಬಾರದೆ ಉಳಿದ ದನಗಳಿಗೆ ಈಗ ನಿಜವಾದ ಲಸಿಕೆ ಕೊಡುವುದಿತ್ತು, ಈ ಸಲ ಎರಡು ಸೂಜಿ, ಒಂದು ಈಗ, ಇನ್ನೊಂದು ಕೆಲವು ವಾರ ಬಿಟ್ಟು. ಊರಿನಲ್ಲಿ ಬಿಲ್ಲೆ ಇಲ್ಲದ ಇನ್ನೂ ಕೆಲವು ದನಗಳನ್ನು ಸೇರಿಸಿಕೊಳ್ಳಲೂ ಒಪ್ಪಿಗೆ ಬಂದಿತ್ತು.

ಈ ಸಲ ಬಿರಾದಾರ ಸಾಹೇಬರು ಫೋನು ಮಾಡಲಿಲ್ಲ. ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ‘ಆರ್‌ಎನ್‌ಎ ಲಸಿಕೆ’ ಎಂದು ಬರೆದುಕೊಟ್ಟು, ನೋಡಿಕೊಂಡು ಬರಿ ಎಂದರು. ನಾನು ಒಂದು ಚುಕ್ಕೆ ತಪ್ಪದೆ ಬರೆದೆ. ನನ್ನ ಜೀವಮಾನದ ಅತಿ ಶುದ್ಧ ಬೋರ್ಡು ಅದು. ಮಾರನೇ ದಿನ ಒಂದು ದನವೂ ಬರಲಿಲ್ಲ.

ನಾನು ಕಸ್ತೂರಿಬಾಯಿಯ ಹಿತ್ತಲಿಗೆ ಹೋದೆ. ಆಕೆ ಆಕಳಿಗೆ ಎಣ್ಣೆ ಹಚ್ಚುತ್ತಿದ್ದಳು. ಸುತ್ತು ಬಳಸದೆ ಹೇಳಿದೆ.

“ನಿನ್ನ ಆಕಳಿಗಿ ಹಾಕಿದ್ದು ಉಪ್ಪುನೀರು ಬೇ. ಪಾಕೀಟಿನ್ಯಾಗ ಹಂಗ ಅದ.”

ಆಕೆಯ ಕೈ ನಿಲ್ಲಲಿಲ್ಲ.

“ಹಂಗಾದ್ರ ಉಳಿಸಿದ್ದು ನಿನ್ನ ಎಣ್ಣಿ.”

“ನನ್ನ ಎಣ್ಣಿ ಅಲ್ಲ. ನಾ ಹೇಳಿದ್ದು ಸುಳ್. ನನಗ ಗೊತ್ತಿರ್ಲಿಲ್ಲ, ಬಾಯಿಗಿ ಬಂದ ಆರು ಹೇಳಿದೆ.”

“ಬಾಯಿಗಿ ಬಂದಿದ್ದು ಬರೋಬ್ಬರಿ ಬಂದದ ಯಕ್ಕಾ.”

ನೊಣದ ಮಾತು ಹೇಳಿದೆ. ಮಂದೆಯಿಂದ ದೂರ ಇದ್ದದ್ದರಿಂದ ಉಳಿಯಿತು ಎಂದೆ. ಈ ಎಣ್ಣೆ ನೊಣ ಓಡಿಸುತ್ತದೆ, ರೋಗ ಓಡಿಸುವುದಿಲ್ಲ ಎಂದೆ. ಆಕಳು ಈದ ಮೇಲೆ ಕರುವಿಗೂ ದಿನಾ ಎಣ್ಣೆ ಹಚ್ಚುತ್ತ ಕೂರುತ್ತೀಯಾ ಎಂದೆ. ಅದಕ್ಕೆ ಆಕೆ ಆಕಳ ಹೊಟ್ಟೆ ತಡವಿ ನೋಡಿದಳು.

“ಸೂಜಿ ಹಾಕ್ಸು ಕಸ್ತೂರಿ. ಖರೇ ಸೂಜಿ ಬಂದದ.”

“ಆರೆಣ್ಣಿ ಸೂಜಿ ಇದ್ರ ನಾನೇ ಹೊಡ್ಕೊಂಡ ಬರ್ತೇನಿ. ನಿನ್ನಿ ಅದೇನೋ ಬ್ಯಾರೆ ಬರ್ದಿಯಂತ. ಆರ್ ಅಂತ, ಚುಕ್ಕಿ ಗಿಕ್ಕಿ ಹಾಕಿ. ಮಹಾಂತಪ್ಪ ಓದಿ ಹೇಳಿದ. ಅದು ಬ್ಯಾರೆ ಸೂಜಿ, ನಮಗ ಬ್ಯಾಡ.”

ನಾನು ಆಸ್ಪತ್ರೆಗೆ ವಾಪಸ್ ಬಂದೆ. ಡಾಕ್ಟರಮ್ಮ ಒಳಗೆ ಬಾಟಲಿ ಲೆಕ್ಕ ಮಾಡುತ್ತಿದ್ದಳು. ಹೊಗೆ ಡಬ್ಬಿಯಲ್ಲಿ ಬರ್ಫ ಇನ್ನೊಂದು ದಿನಕ್ಕೆ ಸಾಕಾಗುವಷ್ಟಿತ್ತು. ಬೋರ್ಡಿನ ಮುಂದೆ ನಿಂತು ಯೋಚಿಸಿದೆ. ಬಾಯಲ್ಲಿ ಹೇಳಿದರೆ ಎರಡೂ ಒಂದೇ. ಅದರಲ್ಲಿ ಕೊಬ್ಬು ಇದೆ ಎಂದು ಡಾಕ್ಟರಮ್ಮನೇ ಹೇಳಿದ್ದಾಳೆ. ಅದು ಎಣ್ಣೆ ಅಲ್ಲ, ಚೀಟಿ ಎಂಬುದನ್ನು ಊರೆಲ್ಲ ಕಟ್ಟೆಯ ಮೇಲೆ ಕೂತು ಕೇಳಿ, ಸಹಿ ಮಾಡಿದ್ದಾರೆ. ಹಸಿ ಬಟ್ಟೆ ತಂದು ಆ ಶುದ್ಧ ಬರಹವನ್ನು ಒರೆಸಿದೆ. ಮೊದಲ ಸಲ ಬರೆದಾಗ ನನಗೆ ತಪ್ಪು ಎಂದು ಗೊತ್ತಿರಲಿಲ್ಲ. ಈ ಸಲ ಗೊತ್ತಿದ್ದು ಬರೆದೆ. ಆರೆಣ್ಣಿ ಸೂಜಿ, ಅದೇ ಸೂಜಿ, ನಾಳೆ.

ಬೆಳಿಗ್ಗೆ ಬಿರಾದಾರ ಸಾಹೇಬರು ಬಂದು ಬೋರ್ಡು ಓದಿದರು. ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಓಣಿಯ ಕಡೆಯಿಂದ ವಾಸನೆ ಬಂತು. ಮುಂದೆ ಕಸ್ತೂರಿಬಾಯಿಯ ಆಕಳು, ಹಿಂದೆ ಸಾಲು. ಎಲ್ಲವೂ ಹೊಳೆಯುತ್ತಿದ್ದವು. ಸಾಹೇಬರು ಅಂಗಿಯ ತೋಳು ಮೇಲೆ ಮಾಡಿ, ಗೋಣಿತಟ್ಟು ಎಲ್ಲಿ ಎಂದು ಮಾತ್ರ ಕೇಳಿದರು. ಹಾಕುವ ಮುಂಚೆ ಡಾಕ್ಟರಮ್ಮ ಕಸ್ತೂರಿಬಾಯಿಗೆ ಚೀಟಿಯ ಮಾತನ್ನು ಇನ್ನೊಮ್ಮೆ ಪೂರ್ತಿ ಹೇಳಿದಳು. ಆಕೆ ಹೂಂ ಹೂಂ ಎಂದು ಕೇಳಿ, ಸೂಜಿ ಚುಚ್ಚಿದ ಜಾಗಕ್ಕೆ ಒಂದು ಬೊಟ್ಟು ಎಣ್ಣೆ ಹಚ್ಚಿದಳು.

ಆ ತಿಂಗಳ ಕೊನೆಗೆ ನಾನು ನಿವೃತ್ತಳಾದೆ. ಹೂವಿನ ಹಾರ ಹಾಕಿದರು, ಭಾಷಣ ಮಾಡಿದರು, ಅದನ್ನು ಬರೆಯುವುದಿಲ್ಲ. ಆಕಳು ಮೊನ್ನೆ ಈದಿದೆ, ಹೆಣ್ಣು ಕರು.

ಹುಡುಗಿ, ನಿನಗೆ ಅಕ್ಷರ ಚೆನ್ನಾಗಿ ಬರುತ್ತದೆ. ಬೋರ್ಡಿನ ಮೇಲಿನ ಶಬ್ದ ತಪ್ಪು ಎಂದು ಮೊದಲ ದಿನವೇ ಕಂಡಿರಬೇಕು. ಈಗಲೇ ಒರೆಸಬೇಡ. ಎರಡನೇ ಸೂಜಿ ಬಾಕಿ ಇದೆ. ಅದು ಮುಗಿದ ಮೇಲೆ ಒರೆಸು, ಆಮೇಲೆ ನೀನು ಶುದ್ಧವಾಗಿ ಏನು ಬೇಕಾದರೂ ಬರಿ. ಬರೀ ಬಟ್ಟೆಯಿಂದ ಹೋಗುವುದಿಲ್ಲ, ಸಬಕಾರ ಪುಡಿ ಹಾಕು. ಕಸ್ತೂರಿಬಾಯಿ ಬೋರ್ಡಿಗೂ ಎಣ್ಣೆ ಹಚ್ಚಿ ಹೋಗಿದ್ದಾಳೆ.